ಲೌಂಜ್‌ಗೆ ಹೋಗೋಕೆ ಸಂಕೋಚ ಯಾಕೆ?

ಪ್ರಶ್ನೆ: ನಾವು ಹುಬ್ಬಳ್ಳಿ ವಿದ್ಯಾನಗರದವರು. ಮಗ ಫ್ರಾಂಕ್‌ಫರ್ಟ್‌ಗೆ ಬಿಸಿನೆಸ್ ಕ್ಲಾಸ್ ಟಿಕೆಟ್ ಕಳಿಸಿದ್ದಾನೆ. ಬೆಂಗಳೂರಲ್ಲಿ ಆರು ಗಂಟೆ ಕಾಯಬೇಕು. ವಿಮಾನ ನಿಲ್ದಾಣದ ಲೌಂಜ್‌ಗೆ, ಅಂದರೆ ಊಟ-ವಿಶ್ರಾಂತಿಯ ಕೋಣೆಗೆ, ಹೋಗಬಹುದಾ? ದುಡ್ಡು ಕೊಡಬೇಕಾ?

ಉತ್ತರ: ಖಂಡಿತ ಹೋಗಿ. ಬಿಸಿನೆಸ್ ಕ್ಲಾಸ್ ಟಿಕೆಟ್‌ನಲ್ಲಿ ಸಾಮಾನ್ಯವಾಗಿ ಲೌಂಜ್ ಸೇರಿರುತ್ತದೆ, ಬಾಗಿಲಲ್ಲಿ ಬೋರ್ಡಿಂಗ್ ಪಾಸ್ ತೋರಿಸಿದರೆ ಸಾಕು. ಊಟ, ಕಾಫಿಗೆ ಬೇರೆ ಬಿಲ್ ಬರುವುದಿಲ್ಲ. ಆದರೂ ಚೆಕ್-ಇನ್ ಕೌಂಟರ್‌ನಲ್ಲಿ ಒಮ್ಮೆ ಕೇಳಿಕೊಳ್ಳಿ.

ಬೆಂಗಳೂರಿನ ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಟರ್ಮಿನಲ್ 2ರಿಂದ ಹೊರಡುತ್ತವೆ, ಆದ್ದರಿಂದ ಹುಬ್ಬಳ್ಳಿಯಿಂದ ಹೋದವರು ಯಾವ ಟರ್ಮಿನಲ್‌ನಲ್ಲಿ ಇಳಿದೆವು ಅಂತ ಮೊದಲು ನೋಡಿಕೊಂಡು, ಬೇಕಾದರೆ ಬಸ್ ಹಿಡಿದು ಈ ಕಡೆ ಬರಬೇಕು. ಇಮಿಗ್ರೇಷನ್, ಸೆಕ್ಯೂರಿಟಿ ಮುಗಿಸಿಯೇ ಲೌಂಜ್ ಹುಡುಕಿ.

ನನ್ನ ಅಮ್ಮ ಮೊದಲ ಸಲ ಖಾಲಿ ತಟ್ಟೆ ಹಿಡಿದು, ಬಿಸಿ ಇಡ್ಲಿ ಎದುರು ಸುಮ್ನೆ ನಿಂತಿದ್ದರು, ಯಾರಾದರೂ ಬಡಿಸಲಿ ಅಂತ. ಅಲ್ಲಿ ನಾವೇ ಹಾಕಿಕೊಳ್ಳಬೇಕು, ಎಷ್ಟು ಸಲ ಬೇಕಾದರೂ. ಬುತ್ತಿಗೆ ರೊಟ್ಟಿ ಒಯ್ಯಿರಿ, ಮೊಸರು ಬೇಡ. 100 ಮಿಲಿಲೀಟರ್‌ಗಿಂತ ಜಾಸ್ತಿ ಇದ್ದರೆ ಸೆಕ್ಯೂರಿಟಿಯಲ್ಲೇ ತೆಗೆಸುತ್ತಾರೆ.

ಎಷ್ಟೋ ಲೌಂಜ್‌ಗಳಲ್ಲಿ ವಿಮಾನ ಹೊರಡುವುದನ್ನು ಕೂಗಿ ಹೇಳುವುದಿಲ್ಲ. ಮೆತ್ತನೆ ಸೋಫಾ, ನಿದ್ದೆ ಬರುತ್ತದೆ ಅಲ್ವಾ, ಮೊಬೈಲ್‌ನಲ್ಲಿ ಅಲಾರಾಂ ಇಟ್ಟುಕೊಂಡೇ ಒರಗಿ.