ದಾನ ಕೊಟ್ಟ ವೀಣೆಯನ್ನು ಟ್ರಸ್ಟ್‌ನವರು ಮಾರಿದರೆ ಮೋಸ ಅಲ್ವಾ?

ಮಲ್ಲೇಶ್ವರದ ನಿಮ್ಮ ಮನೆಯಲ್ಲಿ ತಂದೆಯವರ ವೀಣೆ, ಒಂದು ಪಿಟೀಲು, ಒಂದು ಮೃದಂಗ ಎಷ್ಟೋ ವರ್ಷದಿಂದ ಸುಮ್ನೆ ಕೂತಿವೆ. ಮಕ್ಕಳಿಗೆ ಉಚಿತವಾಗಿ ಸಂಗೀತ ಕಲಿಸುವ ಒಂದು ಟ್ರಸ್ಟ್‌ಗೆ ಕೊಡೋಣ ಅಂದುಕೊಂಡಿದ್ದೀರಿ. ಅಷ್ಟರಲ್ಲಿ, ಬಂದ ವಾದ್ಯಗಳಲ್ಲಿ ಕೆಲವನ್ನು ಅವರು ಮಾರುತ್ತಾರೆ ಅಂತ ಗೊತ್ತಾಗಿದೆ. ಇದು ಮೋಸ ಅಲ್ವಾ ಅಂತ ಕೇಳಿದ್ದೀರಿ.

ಮೋಸ ಅಲ್ಲ. ಧೈರ್ಯವಾಗಿ ಕೊಡಿ. ನಾನು ಪಿಟೀಲು ಪಾಠ ಹೇಳುತ್ತೇನೆ. ಇಂಥದ್ದೇ ಒಂದು ಸಣ್ಣ ಟ್ರಸ್ಟ್‌ಗೆ ಬರುವ ವಾದ್ಯಗಳನ್ನು ನೋಡಿ ಬೇರೆ ಬೇರೆ ಮಾಡಿಡಲು ಬಿಡುವಾದಾಗ ಹೋಗುತ್ತೇನೆ. ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

ಜನ ಕೊಡುವುದು ಒಂದು, ಮಕ್ಕಳಿಗೆ ಬೇಕಾಗಿರುವುದು ಇನ್ನೊಂದು. ಬರುವ ಪಿಟೀಲುಗಳು ಬಹುಪಾಲು ದೊಡ್ಡವರ ಅಳತೆಯವು. ಎಂಟು ವರ್ಷದ ಮಗುವಿಗೆ ಸಾಮಾನ್ಯವಾಗಿ ಹಾಫ್ ಸೈಜ್ ಬೇಕು, ಕೈ ಬೆಳೆದ ಮೇಲೆ ಮುಕ್ಕಾಲು ಸೈಜ್. ದೊಡ್ಡದನ್ನೇ ಕೊಟ್ಟು ನುಡಿಸು ಅಂದರೆ ಕಿರುಬೆರಳು ಜಾಗಕ್ಕೆ ತಲುಪುವುದಿಲ್ಲ. ಸ್ವರ ತಪ್ಪುತ್ತದೆ, ಭುಜ ನೋಯುತ್ತದೆ. ತನಗೆ ಸಂಗೀತ ಬರುವುದೇ ಇಲ್ಲ ಅಂತ ಮಗು ತೀರ್ಮಾನಿಸಿಬಿಡುತ್ತದೆ. ನನಗೆ ಇದನ್ನು ನೋಡಲು ಆಗುವುದಿಲ್ಲ. ಒಂದು ದೊಡ್ಡ ಪಿಟೀಲು ಮಾರಿ, ಆ ದುಡ್ಡಲ್ಲಿ ಚಿಕ್ಕ ಅಳತೆಯದ್ದು ತಂದರೆ ಅದು ಒಂದು ಮಗುವಿನಿಂದ ಮತ್ತೊಂದಕ್ಕೆ ಹೋಗುತ್ತಲೇ ಇರುತ್ತದೆ. ಅಪಾರ್ಟ್‌ಮೆಂಟ್‌ಗಳಿಂದ ಬರುವ ಗಿಟಾರ್, ಕೀಬೋರ್ಡ್‌ಗಳ ಕಥೆಯೂ ಅಷ್ಟೇ. ಕರ್ನಾಟಕ ಸಂಗೀತ ಕಲಿಯುವ ಮಗು ಕೀಬೋರ್ಡ್ ಮೇಲೆ ಗಮಕ, ಅಂದರೆ ಸ್ವರವನ್ನು ಓಲಾಡಿಸುವುದು, ಹೇಗೆ ತೆಗೆಯಬೇಕು? ಅಂಥವನ್ನು ಮಾರುವುದೇ ಸರಿ. ಬಂದ ಹಣ ತಂತಿಗೆ, ಶ್ರುತಿ ಪೆಟ್ಟಿಗೆಗೆ, ಪಾಠ ಹೇಳುವವರ ಸಂಭಾವನೆಗೆ ಆಗುತ್ತದೆ.

ಇನ್ನು ರಿಪೇರಿ. ಕೊಡುವವರಿಗೆ ಇದರ ಖರ್ಚು ಗೊತ್ತೇ ಇರುವುದಿಲ್ಲ. ಬಹಳ ದಿನ ಮುಚ್ಚಿಟ್ಟ ಪಿಟೀಲಿನ ಪೆಟ್ಟಿಗೆ ತೆಗೆದು ನೋಡಿ. ಕಮಾನಿನ ಕೂದಲನ್ನು ಹುಳು ತಿಂದು, ಎಳೆಗಳು ಕಿತ್ತು ಜೋತಾಡುತ್ತಿರುತ್ತವೆ. ಪಿಟೀಲನ್ನು ಮೆಲ್ಲಗೆ ವಾಲಿಸಿದರೆ ಒಳಗೆ ಏನೋ ಉರುಳಿದ ಸದ್ದು ಬರಬಹುದು. ಅದು ಸೌಂಡ್ ಪೋಸ್ಟ್. ಮೇಲಿನ ಹಲಗೆಗೂ ಕೆಳಗಿನ ಹಲಗೆಗೂ ನಡುವೆ ನಿಲ್ಲಿಸಿದ ಒಂದು ಪುಟ್ಟ ಕಡ್ಡಿ. ಅದಕ್ಕೆ ಅಂಟು ಹಾಕಿರುವುದಿಲ್ಲ, ಎರಡು ಹಲಗೆಗಳ ನಡುವೆ ಒತ್ತಿಕೊಂಡೇ ನಿಂತಿರುತ್ತದೆ. ಎಲ್ಲ ತಂತಿಗಳನ್ನೂ ಒಟ್ಟಿಗೆ ಸಡಿಲಿಸಿದರೆ ಬಿದ್ದುಹೋಗಬಹುದು. ಅದು ಬಿದ್ದಿರುವಾಗ ಮತ್ತೆ ತಂತಿ ಬಿಗಿದರೆ ಮೇಲಿನ ಹಲಗೆ ಕುಸಿದು ಸೀಳುವ ಅಪಾಯ ಇದೆ. ಹಾಗಾಗಿ ಸದ್ದು ಕೇಳಿದರೆ ನೀವಾಗಿ ಬಿಗಿಯಲು ಹೋಗಬೇಡಿ. ಹಾಗೇ ಕೊಡಿ, ಬಲ್ಲವರು ನಿಲ್ಲಿಸುತ್ತಾರೆ.

ವೀಣೆಯ ಕೆಲಸ ಇನ್ನೂ ಜಾಸ್ತಿ. ಅದರ 24 ಮೆಟ್ಟಿಲುಗಳು, ಅಂದರೆ ಸ್ವರ ಹಿಡಿಯಲು ತಂತಿಯ ಕೆಳಗೆ ಅಡ್ಡಲಾಗಿ ಇರುವ ಪಟ್ಟಿಗಳು, ಕೂತಿರುವುದು ಕಪ್ಪು ಮೇಣದ ಮೇಲೆ. ಜೇನುಮೇಣಕ್ಕೆ ಇದ್ದಿಲ ಪುಡಿ ಸೇರಿಸಿ ಮಾಡುವ ಮೇಣ ಅದು. ವರ್ಷಗಳಾದಂತೆ ಒಣಗಿ ಬಿರಿಯುತ್ತದೆ, ಬಿಸಿಲಿಗೆ ಮೆತ್ತಗಾಗಿ ಮೆಟ್ಟಿಲು ಜರುಗುತ್ತದೆ. ಆಗ ಹೊಸದಾಗಿ ಮೇಳ ಕಟ್ಟಬೇಕು. ಮೇಣ ಮೆತ್ತಗಿರುವಾಗಲೇ ತಂತಿ ಮೀಟಿ, ಕಿವಿಯಿಂದ ಸ್ವರ ಹಿಡಿದು, ಒಂದೊಂದು ಮೆಟ್ಟಿಲನ್ನೂ ಕೂದಲೆಳೆಯಷ್ಟು ಆಚೀಚೆ ಸರಿಸಿ ಕೂರಿಸುವ ಕೆಲಸ. ಇದು ಬಲ್ಲವರು ಕಡಿಮೆ, ಅವರ ಶ್ರಮಕ್ಕೆ ತಕ್ಕ ದುಡ್ಡು ಕೊಡಲೇಬೇಕು. ಮೇಳ ಕೆಟ್ಟ ವೀಣೆಯನ್ನು ಶಾಲೆಯೊಂದಕ್ಕೆ ಕೊಟ್ಟು ಫೋಟೋ ತೆಗೆಸಿಕೊಂಡು ಬಂದರೆ, ಅದು ಬೀರುವಿನ ಮೇಲೆ ಧೂಳು ತಿನ್ನುತ್ತದೆ. ದಯವಿಟ್ಟು ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಡಿಕ್ಕಿಯಲ್ಲಿ ವೀಣೆ ಇಟ್ಟು ಊರೆಲ್ಲ ಸುತ್ತಬೇಡಿ.

ಕೊಡುವ ಮುಂಚೆ ಒಂದು ವಿಷಯ ಚೆನ್ನಾಗಿ ನೋಡಿಕೊಳ್ಳಿ. ಹಳೆಯ ಮೈಸೂರು ವೀಣೆಗಳ ಮೇಲೆ ಬಿಳಿ ಕುಸುರಿ ಇರುತ್ತದಲ್ಲ, ಕೆಲವದರಲ್ಲಿ ಅದು ನಿಜವಾದ ಆನೆ ದಂತ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ದಂತ ಮಾರುವುದು ಅಪರಾಧ. ಹಾಗೇ ಬಿಟ್ಟಿ ಕೊಡುವುದಕ್ಕೂ ಕಟ್ಟುಪಾಡು ಇದೆ. ಅನುಮಾನ ಬಂದರೆ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ. ಮನೆಯಲ್ಲಿ ಹಳೆಯ ಕಂಜಿರ (ಕೈಯಲ್ಲಿ ಹಿಡಿದು ನುಡಿಸುವ ಪುಟ್ಟ ಚರ್ಮವಾದ್ಯ) ಇದ್ದರೂ ಅಷ್ಟೇ, ಅದಕ್ಕೆ ಹಿಂದೆ ಉಡದ ಚರ್ಮ ಹೊದಿಸುತ್ತಿದ್ದರು. ಪಾಪ, ಟ್ರಸ್ಟ್‌ನವರು ಗೊತ್ತಿಲ್ಲದೆ ಮಾರಾಟಕ್ಕಿಟ್ಟು ಸಿಕ್ಕಿಹಾಕಿಕೊಳ್ಳಬಾರದು.

ಟ್ರಸ್ಟ್‌ನವರ ಹತ್ತಿರ ನೇರವಾಗಿ ಕೇಳಿ. ಯಾವುದನ್ನು ಮಾರುತ್ತೀರಿ, ಯಾವುದನ್ನು ಇಟ್ಟುಕೊಳ್ಳುತ್ತೀರಿ? ಮಾರಿದ್ದರ ಲೆಕ್ಕ ತೋರಿಸುತ್ತೀರಾ? ಮಗುವಿಗೆ ವಾದ್ಯ ಮನೆಗೆ ಒಯ್ಯಲು ಬಿಡುತ್ತೀರಾ? ಈ ಕೊನೆಯ ಪ್ರಶ್ನೆಯೇ ನನಗೆ ಮುಖ್ಯ. ವಾರಕ್ಕೊಂದು ದಿನ ಕ್ಲಾಸಿನಲ್ಲಿ ಮಾತ್ರ ವಾದ್ಯ ಮುಟ್ಟಿದರೆ ಮೊಟ್ಟಮೊದಲ ಪಾಠವಾದ ಸರಳೆ ವರಸೆ ಕೂಡ ಕೈಗೆ ಹತ್ತುವುದಿಲ್ಲ. ನೆಟ್ಟಗೆ ಕೆಲಸ ಮಾಡುವವರು ಈ ಪ್ರಶ್ನೆಗಳಿಗೆ ಬೇಜಾರು ಮಾಡಿಕೊಳ್ಳುವುದಿಲ್ಲ. ನುಣುಚಿಕೊಂಡರೆ ಬೇರೆಯವರನ್ನು ಹುಡುಕಿ. ತಂದೆಯವರ ವೀಣೆ ಮಾರಾಟವಾಗುವುದು ಬೇಡ ಅನ್ನಿಸಿದರೆ ಅದನ್ನು ಕಾಗದದಲ್ಲಿ ಬರೆದೇ ಕೊಡಿ. ಬಳಕೆಗೆ ಬರದಿದ್ದರೆ ವಾಪಸ್ ಕೊಡಬೇಕು ಅಂತಲೂ ಸೇರಿಸಿ. ಹಾಗೆ ಕೇಳುವುದರಲ್ಲಿ ಸಂಕೋಚ ಏನೂ ಬೇಡ.

ತೆರಿಗೆ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ದಾನಕ್ಕೆ ಸಿಗುವ ಆದಾಯ ತೆರಿಗೆ ರಿಯಾಯಿತಿ (80ಜಿ ಅಂತ ಹೆಸರಾದದ್ದು) ಹಣಕ್ಕೆ ಮಾತ್ರ, ವಸ್ತುವಿಗೆ ಇಲ್ಲ. ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ. ನಗದಾಗಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟರೂ ನಡೆಯುವುದಿಲ್ಲ.

ನಿಮ್ಮ ಮೂರು ವಾದ್ಯ ನನ್ನ ಕೈಗೆ ಬಂದಿದ್ದರೆ ಹೀಗೆ ಮಾಡುತ್ತಿದ್ದೆ. ಪಿಟೀಲನ್ನು ಮಾರಲು ಒಪ್ಪಿಗೆ ಕೊಡುತ್ತಿದ್ದೆ. ಮೃದಂಗದ ಶ್ರುತಿ ಯಾವುದು ಅಂತ ಮೊದಲು ನೋಡುತ್ತಿದ್ದೆ. ಗಂಡು ದನಿಗೆ ಹೊಂದುವ ತಗ್ಗು ಶ್ರುತಿಯ ಮೃದಂಗವನ್ನು ಹುಡುಗಿಯರ ಹಾಡಿಗೆ ಬೇಕಾದಷ್ಟು ಏರಿಸಲು ಬರುವುದಿಲ್ಲ. ಆ ಕ್ಲಾಸಿಗೆ ಹೊಂದಿದರೆ ಮುಚ್ಚಿಗೆ (ಚರ್ಮದ ಹೊದಿಕೆ) ಹೊಸದು ಮಾಡಿಸಿ ಕೊಡುವುದು, ಇಲ್ಲದಿದ್ದರೆ ಅದನ್ನೂ ಮಾರುವುದು. ವೀಣೆಯನ್ನು ಮಾತ್ರ ಮಾರದೆ ಉಳಿಸಿಕೊಳ್ಳಿ ಅಂತ ಟ್ರಸ್ಟ್‌ನವರಿಗೆ ಹೇಳುತ್ತಿದ್ದೆ. ಬಳೇಪೇಟೆಯ ವಾದ್ಯದ ಅಂಗಡಿಗಳಲ್ಲಿ ವಿಚಾರಿಸಿದರೆ ಮೇಳ ಕಟ್ಟುವವರ ವಿಳಾಸ ಸಿಗುತ್ತದೆ, ಖರ್ಚಿನ ಅಂದಾಜೂ ಸಿಗುತ್ತದೆ. ಅಷ್ಟು ಹಣವನ್ನು ಯುಪಿಐಯಲ್ಲೋ ಚೆಕ್‌ನಲ್ಲೋ ಟ್ರಸ್ಟ್‌ಗೆ ಕಳಿಸಿ, ರಸೀದಿ ತೆಗೆದುಕೊಂಡು, ಅವರ ಮೂಲಕವೇ ಕೆಲಸ ಮಾಡಿಸಿ. ಮೇ ತಿಂಗಳೊಳಗೆ ಮುಗಿಸಿದರೆ ಒಳ್ಳೆಯದು, ಶಾಲೆ ಶುರುವಾಗುವ ಹೊತ್ತಿಗೆ ಹೊಸ ಮಕ್ಕಳು ಸೇರುತ್ತಾರೆ.