ತಪ್ಪಿನ ಭಾರ ಯಾರ ಹೆಗಲಿಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಯಂತ್ರಗಳು ಮಾಡುವ ನಿರ್ಧಾರಗಳ ಬಗ್ಗೆ ಈ ಬಾರಿ ಬಂದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು ನಾನು. ಕಡತಕ್ಕೆ ಕೈ ಹಚ್ಚುವ ಮೊದಲು ಅರ್ಜಿದಾರ ಯಾರ ಕಡೆಯವನೆಂದು ವಿಚಾರಿಸುವವರನ್ನು ಕಣ್ಣಾರೆ ಕಂಡಿದ್ದೇನೆ. ಯಂತ್ರಕ್ಕೆ ಬಂಧುಬಳಗವಿಲ್ಲ, ಹಣದ ಆಸೆಯಿಲ್ಲ. ನಿರ್ಧಾರವನ್ನು ಅದಕ್ಕೇ ಬಿಡಲು ತಾವು ಏಕೆ ಹಿಂಜರಿಯುತ್ತೀರಿ?

ಉತ್ತರ: ಮಾನ್ಯರೇ, ತಮ್ಮ ಅನುಭವವನ್ನು ನಾನು ಅಲ್ಲಗಳೆಯಲಾರೆ. ಮನುಷ್ಯರ ಪಕ್ಷಪಾತದಿಂದ ನೊಂದವರು ಯಂತ್ರವನ್ನು ನೆಚ್ಚಿಕೊಳ್ಳುವುದು ಸಹಜ. ಆದರೆ ಅನ್ಯಾಯಕ್ಕೆ ಪಕ್ಷಪಾತವೊಂದೇ ಮೂಲವಲ್ಲ. ಯಾರ ಮೇಲೂ ಹಗೆಯಿಲ್ಲದ ಬರಿಯ ಭಾಗಾಕಾರವೊಂದು ಲಕ್ಷಾಂತರ ಜನರನ್ನು ಸಾಲಗಾರರೆಂದು ಘೋಷಿಸಿದ್ದನ್ನು ನಮ್ಮ ಕಾಲವೇ ನೋಡಿದೆ.

ಆಸ್ಟ್ರೇಲಿಯಾದಲ್ಲಿ ನಿರುದ್ಯೋಗಿಗಳಿಗೆ ಮತ್ತು ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ನೆರವು ಎರಡೆರಡು ವಾರಗಳ ಗಳಿಕೆಯನ್ನು ನೋಡಿ ನಿರ್ಧಾರವಾಗುತ್ತದೆ. ಜನರು ‘ರೋಬೋಡೆಟ್’ ಎಂದು ಕರೆದ ಯೋಜನೆಯಲ್ಲಿ ಕಂಪ್ಯೂಟರ್ ಮಾಡಿದ್ದಿಷ್ಟೆ: ತೆರಿಗೆ ಇಲಾಖೆಯಲ್ಲಿ ದಾಖಲಾದ ವರ್ಷದ ಆದಾಯವನ್ನು ಇಪ್ಪತ್ತಾರರಿಂದ ಭಾಗಿಸಿ, ಬಂದ ಸರಾಸರಿಯನ್ನು ಆ ವ್ಯಕ್ತಿ ಆಯಾ ಅವಧಿಗೆ ಹೇಳಿಕೊಂಡಿದ್ದ ಗಳಿಕೆಯೊಂದಿಗೆ ತಾಳೆ ನೋಡುವುದು. ವರ್ಷದ ಮೊದಲರ್ಧದಲ್ಲಿ ಎರಡು ವಾರಕ್ಕೆ 2,000 ಡಾಲರ್‌ನಂತೆ ದುಡಿದು, ಉಳಿದರ್ಧದಲ್ಲಿ ಕೆಲಸ ಕಳೆದುಕೊಂಡು ನೆರವು ಪಡೆದವನೊಬ್ಬನನ್ನು ಊಹಿಸಿಕೊಳ್ಳಿ. ವರ್ಷದ ಒಟ್ಟು ಗಳಿಕೆ 26,000 ಡಾಲರ್; ಭಾಗಿಸಿದರೆ ಎರಡು ವಾರಕ್ಕೆ 1,000. ಅಂದರೆ ಒಂದು ಕಾಸೂ ಗಳಿಸದ ತಿಂಗಳುಗಳಲ್ಲಿಯೂ ಅವನು ಗಳಿಸುತ್ತಿದ್ದನೆಂದು ಯಂತ್ರಕ್ಕೆ ಕಾಣುತ್ತದೆ, ಪಡೆದ ನೆರವನ್ನು ಹಿಂದಿರುಗಿಸೆಂದು ನೋಟಿಸು ಹೋಗುತ್ತದೆ. ಭಾಗಾಕಾರದಲ್ಲಿ ಯಾವ ತಪ್ಪೂ ಇಲ್ಲ. ತಪ್ಪಿದ್ದದ್ದು ಆ ಸರಾಸರಿಯನ್ನು ಸತ್ಯವೆಂದು ಹಿಡಿದದ್ದರಲ್ಲಿ.

ನನ್ನನ್ನು ಹೆಚ್ಚು ಕಾಡುವುದು ಆ ನೋಟಿಸಿನ ನಂತರದ ಕಥೆ. ಮೊದಲು ಅನುಮಾನ ಬಂದಾಗ ನೆರವು ಕೊಡುವ ಇಲಾಖೆಯ ಸಿಬ್ಬಂದಿಯೇ ಮಾಲೀಕರನ್ನು ಕೇಳಿ ಸಂಬಳದ ವಿವರ ತರಿಸಿಕೊಳ್ಳುತ್ತಿದ್ದರು. ಹೊಸ ವ್ಯವಸ್ಥೆಯಲ್ಲಿ ಆ ಕೆಲಸ ನೋಟಿಸು ಪಡೆದವರ ಪಾಲಿಗೆ ಬಂತು: ಹಲವು ವರ್ಷ ಹಳೆಯ ಸಂಬಳದ ಚೀಟಿಗಳನ್ನು, ಕೆಲವೊಮ್ಮೆ ಬಾಗಿಲು ಮುಚ್ಚಿಹೋದ ಅಂಗಡಿಗಳಿಂದ, ಅವರೇ ಹುಡುಕಿ ತರಬೇಕು, ತಾರದಿದ್ದರೆ ಸಾಲ ಖಾತ್ರಿಯಾಗುತ್ತದೆ. ಹೀಗೆ ಸರಾಸರಿಯ ಆಧಾರದ ಮೇಲೆ ಸಾಲ ಹೊರಿಸುವುದು ಕಾನೂನುಬಾಹಿರವೆಂದು 2019ರ ನವೆಂಬರಿನಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯದ ಆದೇಶವಾಯಿತು. ಮರು ವರ್ಷ ಸರ್ಕಾರ ಸುಮಾರು 4,70,000 ಸಾಲಗಳಿಗೆ ಸಂಬಂಧಿಸಿದ 72.1 ಕೋಟಿ ಡಾಲರ್ ಹಿಂದಿರುಗಿಸುವುದಾಗಿ ಹೇಳಿತು. 2023ರ ಜುಲೈಯಲ್ಲಿ ವರದಿ ಕೊಟ್ಟ ರಾಯಲ್ ಕಮಿಷನ್ ಎಂಬ ತನಿಖಾ ಆಯೋಗ, ಆ ಯೋಜನೆ ನ್ಯಾಯಸಮ್ಮತವೂ ಆಗಿರಲಿಲ್ಲ, ಕಾನೂನುಬದ್ಧವೂ ಆಗಿರಲಿಲ್ಲ ಎಂದು ಸ್ಪಷ್ಟವಾಗಿ ಬರೆಯಿತು.

ಆದ್ದರಿಂದ ಯಂತ್ರ ಪಕ್ಷಪಾತಿಯೋ ಅಲ್ಲವೋ ಎಂಬ ಪ್ರಶ್ನೆಗಿಂತ ಮೊದಲು ನಾನು ಇನ್ನೊಂದನ್ನು ಕೇಳುತ್ತೇನೆ: ಅದು ತಪ್ಪಿದಾಗ, ತಪ್ಪಿದೆ ಎಂದು ತೋರಿಸುವ ಹೊಣೆ ಯಾರದು? ತಾವು ಕಂಡ ಗುಮಾಸ್ತರ ಮೇಲೆ ಕನಿಷ್ಠ ಒಬ್ಬ ಮೇಲಧಿಕಾರಿ ಇದ್ದ, ಅವನ ಮುಂದೆ ನಿಂತು ಅಹವಾಲು ಹೇಳಬಹುದಿತ್ತು. ಯಂತ್ರದ ಮೇಲೆ ಯಾರಿದ್ದಾರೆಂದು ನೋಟಿಸಿನಲ್ಲಿ ಬರೆದಿರುವುದಿಲ್ಲ.

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿನಿ. ಕಂಪ್ಯೂಟರ್ ದಾಖಲೆಯನ್ನು ಸಾಕ್ಷ್ಯವಾಗಿ ಹಾಜರುಪಡಿಸಿದಾಗ ಅದು ಸರಿಯಿದೆಯೆಂದು ಸಾಬೀತುಪಡಿಸಬೇಕಾದವರು ಯಾರು? ಪ್ರತಿಯೊಂದು ಯಂತ್ರವನ್ನೂ ಪರೀಕ್ಷಿಸುತ್ತ ಕುಳಿತರೆ ಮೊಕದ್ದಮೆಗಳು ಮುಗಿಯುವುದೆಂದು?

ಉತ್ತರ: ಈ ಪ್ರಶ್ನೆಗೆ ಇಂಗ್ಲೆಂಡಿನ ಕಾನೂನು ಎರಡು ಬೇರೆ ಬೇರೆ ಉತ್ತರಗಳನ್ನು ಕೊಟ್ಟಿದೆ, ಎರಡನೆಯದರ ಬೆಲೆ ಎಷ್ಟೆಂಬುದೂ ಈಗ ಗೊತ್ತಾಗಿದೆ. 1984ರ ಕಾಯ್ದೆಯೊಂದರ 69ನೆಯ ಕಲಮಿನ ಪ್ರಕಾರ, ಕಂಪ್ಯೂಟರ್ ದಾಖಲೆಯನ್ನು ಹಾಜರುಪಡಿಸುವವರೇ ಆ ಯಂತ್ರ ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ತೋರಿಸಬೇಕಿತ್ತು. ಇದು ಅನಗತ್ಯ ತೊಡಕೆಂದು ಭಾವಿಸಿ 1999ರಲ್ಲಿ ಆ ಕಲಮನ್ನು ರದ್ದುಮಾಡಲಾಯಿತು. ಅಂದಿನಿಂದ ಯಂತ್ರ ಸರಿಯಿದೆಯೆಂದೇ ನ್ಯಾಯಾಲಯ ಭಾವಿಸುತ್ತದೆ. ಇಲ್ಲವೆನ್ನುವವರು ಅದಕ್ಕೆ ಆಧಾರ ತೋರಿಸಬೇಕು. ಮಾತಿನಲ್ಲಿ ಇದು ಸಣ್ಣ ಬದಲಾವಣೆ.

ಅದೇ 1999ರಲ್ಲಿ ಬ್ರಿಟನ್ನಿನ ಅಂಚೆ ಸಂಸ್ಥೆ ತನ್ನ ಶಾಖೆಗಳಿಗೆ ‘ಹೊರೈಜನ್’ ಎಂಬ ಲೆಕ್ಕಪತ್ರದ ತಂತ್ರಾಂಶವನ್ನು ತರತೊಡಗಿತು. ಶಾಖೆಗಳನ್ನು ನಡೆಸುತ್ತಿದ್ದ ಸಬ್‌ಪೋಸ್ಟ್‌ಮಾಸ್ಟರುಗಳ ಲೆಕ್ಕದಲ್ಲಿ ಕಾರಣವಿಲ್ಲದೆ ಹಣ ಕಡಿಮೆ ಬೀಳತೊಡಗಿತು. ಕೊರತೆ ಬಿದ್ದರೆ ಅವರೇ ತುಂಬಿಕೊಡಬೇಕೆಂದು ಸಂಸ್ಥೆ ಕರಾರು ತೋರಿಸಿತು. ಹಲವರು ಉಳಿತಾಯದ ಹಣ ಸುರಿದರು, ಮನೆ ಒತ್ತೆಯಿಟ್ಟರು. ಸಹಾಯವಾಣಿಗೆ ಕರೆ ಮಾಡಿದಾಗ, ‘ಬೇರೆ ಯಾರಿಗೂ ಈ ತೊಂದರೆಯಿಲ್ಲ, ನಿಮಗೊಬ್ಬರಿಗೇ’ ಎಂಬ ಉತ್ತರ ಬಂತೆಂದು ಅವರಲ್ಲಿ ಅನೇಕರು ಮುಂದೆ ಹೇಳಿದ್ದಾರೆ. ಕಳ್ಳತನ, ವಂಚನೆ, ಸುಳ್ಳು ಲೆಕ್ಕ ಎಂಬ ಆರೋಪಗಳಲ್ಲಿ 2015ರವರೆಗೆ ಒಂಬೈನೂರಕ್ಕೂ ಹೆಚ್ಚು ಜನ ಶಿಕ್ಷೆಗೊಳಗಾದರು. ಅವರಲ್ಲಿ ಬಹುಪಾಲು ಜನರ ಮೇಲೆ ಮೊಕದ್ದಮೆ ಹೂಡಿದ್ದು ಅಂಚೆ ಸಂಸ್ಥೆಯೇ. ಹಣ ಕಳೆದುಕೊಂಡೆನೆಂದು ದೂರಿದವರು, ತನಿಖೆ ಮಾಡಿದವರು, ಫಿರ್ಯಾದು ನಡೆಸಿದವರು, ಯಂತ್ರದ ದಾಖಲೆಗಳನ್ನು ತರಿಸಿಕೊಳ್ಳಬಲ್ಲವರು, ಎಲ್ಲರೂ ಒಂದೇ ಕಡೆಯವರು. ಎದುರಿಗೆ ನಿಂತವರ ಕೈಯಲ್ಲಿ ಇದ್ದದ್ದು ‘ನಾನು ತೆಗೆದುಕೊಂಡಿಲ್ಲ’ ಎಂಬ ಮಾತು ಮಾತ್ರ.

ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದ ಫುಜಿತ್ಸು ಕಂಪನಿಯಲ್ಲಿ ಗೊತ್ತಾದ ದೋಷಗಳನ್ನು ಬರೆದಿಡುವ ದಾಖಲೆಯೊಂದಿತ್ತು. ಕಂಪನಿಯ ಸಿಬ್ಬಂದಿ ದೂರದಿಂದಲೇ ಶಾಖೆಯ ಲೆಕ್ಕದೊಳಗೆ ಕೈಯಾಡಿಸಬಹುದಿತ್ತು. ಅದು ಸಾಧ್ಯವೇ ಇಲ್ಲವೆಂದು ಅಂಚೆ ಸಂಸ್ಥೆ ವರ್ಷಗಟ್ಟಲೆ ಹೇಳುತ್ತ ಬಂದಿತ್ತು. ಸಬ್‌ಪೋಸ್ಟ್‌ಮಾಸ್ಟರ್ ಆಗಿದ್ದ ಅಲನ್ ಬೇಟ್ಸ್ ಅವರ ಮುಂದಾಳತ್ವದಲ್ಲಿ 555 ಮಂದಿ ಒಟ್ಟಾಗಿ ಸಿವಿಲ್ ದಾವೆ ಹೂಡಿದ ಮೇಲೆಯೇ ಇದೆಲ್ಲ ಬಯಲಿಗೆ ಬಂದು, ತಂತ್ರಾಂಶದಲ್ಲಿ ದೋಷಗಳಿದ್ದವೆಂದು 2019ರ ಡಿಸೆಂಬರಿನಲ್ಲಿ ಹೈಕೋರ್ಟ್ ತೀರ್ಪಿತ್ತಿತು. 2021ರ ಏಪ್ರಿಲಿನಲ್ಲಿ ಒಂದೇ ದಿನ 39 ಜನರ ಶಿಕ್ಷೆ ರದ್ದಾಯಿತು. ಉಳಿದವರನ್ನು ಒಬ್ಬೊಬ್ಬರಾಗಿ ಮೇಲ್ಮನವಿಯ ಬಾಗಿಲಿಗೆ ಕಳಿಸಿದರೆ ಅವರ ಆಯುಷ್ಯವೇ ತೀರಿಹೋಗುತ್ತದೆಂದು ಮನಗಂಡು, 2024ರ ಮೇ ತಿಂಗಳಲ್ಲಿ ಸಂಸತ್ತೇ ಕಾಯ್ದೆ ಮಾಡಿ ಶಿಕ್ಷೆಗಳನ್ನು ಸಾಮೂಹಿಕವಾಗಿ ಅಳಿಸಬೇಕಾಯಿತು. ಅಷ್ಟರಲ್ಲಿ ಕೆಲವರು ತೀರಿಕೊಂಡಿದ್ದರು.

ಇನ್ನು ನಿಮ್ಮ ಆತಂಕದ ವಿಷಯ. ಪ್ರತಿಯೊಂದು ಯಂತ್ರವನ್ನೂ ಬಿಚ್ಚಿ ನೋಡಬೇಕೆಂದು ನಾನು ಹೇಳುತ್ತಿಲ್ಲ. ದಾಖಲೆಯನ್ನು ಹಾಜರುಪಡಿಸುವವರು ಗೊತ್ತಿರುವ ದೋಷಗಳ ಪಟ್ಟಿಯನ್ನೂ, ತಂತ್ರಾಂಶದಲ್ಲಿ ಮಾಡಿದ ಬದಲಾವಣೆಗಳ ವಿವರವನ್ನೂ, ಆ ಲೆಕ್ಕವನ್ನು ತಿದ್ದುವ ಅಧಿಕಾರ ಯಾರ್ಯಾರಿಗಿತ್ತೆಂಬುದನ್ನೂ ಜೊತೆಗೆ ಕೊಡಬೇಕು. ಕೊಡದಿದ್ದರೆ ಯಂತ್ರ ಸರಿಯಿತ್ತೆಂದು ಭಾವಿಸಬಾರದು. ಇಷ್ಟಕ್ಕೆ ಹೆಚ್ಚು ದಿನ ಹಿಡಿಯುವುದಿಲ್ಲ. ಸಾಕ್ಷಿಕಟ್ಟೆ ಹತ್ತಿದ ಮನುಷ್ಯನನ್ನು ಪಾಟಿಸವಾಲಿಗೆ ಒಳಪಡಿಸದೆ ನಾವು ನಂಬುವುದಿಲ್ಲ. ಯಂತ್ರ ಸಾಕ್ಷಿಕಟ್ಟೆ ಹತ್ತಲಾರದು, ಅದರ ಕಡತಗಳು ಹತ್ತಬಹುದು. ಮುಂದೆ ವಕೀಲರಾಗುವ ನೀವು, ಕಕ್ಷಿದಾರರು ‘ಯಂತ್ರದ ತಪ್ಪಿರಬಹುದು’ ಎಂದಾಗ ಅದನ್ನು ನೆಪವೆಂದು ತಳ್ಳಿಹಾಕದೆ ಆ ಕಡತಗಳಿಗಾಗಿ ಮೊದಲ ದಿನವೇ ಅರ್ಜಿ ಹಾಕಿ.

ಪ್ರಶ್ನೆ: ನಾನು ಗಣಿತ ಕಲಿಸುತ್ತೇನೆ. ನ್ಯಾಯವನ್ನು ಒಂದು ಸೂತ್ರವಾಗಿ ಬರೆದು ಯಂತ್ರಕ್ಕೆ ಕೊಟ್ಟರೆ ವಿವಾದವೇ ಇರುವುದಿಲ್ಲವಲ್ಲ?

ಉತ್ತರ: ಗಣಿತಜ್ಞರೇ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಅಮೆರಿಕದ ಕೆಲವು ನ್ಯಾಯಾಲಯಗಳಲ್ಲಿ ಆರೋಪಿಯೊಬ್ಬ ಮುಂದೆ ಮತ್ತೆ ಅಪರಾಧ ಮಾಡುವ ಸಂಭವವೆಷ್ಟೆಂದು ಅಂಕ ಕೊಡುವ ‘ಕಾಂಪಾಸ್’ ಎಂಬ ಸಾಧನ ಬಳಕೆಯಲ್ಲಿದೆ. 2016ರಲ್ಲಿ ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆ ಫ್ಲಾರಿಡಾದ ಒಂದು ಕೌಂಟಿಯ ದಾಖಲೆಗಳನ್ನು ಪರಿಶೀಲಿಸಿ, ಮುಂದೆ ಅಪರಾಧ ಮಾಡದ ಕಪ್ಪುವರ್ಣೀಯರಲ್ಲಿ ಸುಮಾರು ಶೇ. 45 ಜನರಿಗೆ ಅಪಾಯಕಾರಿಗಳೆಂಬ ಹಣೆಪಟ್ಟಿ ಬಿದ್ದಿತ್ತೆಂದೂ, ಬಿಳಿಯರಲ್ಲಿ ಈ ಪ್ರಮಾಣ ಸುಮಾರು ಶೇ. 23 ಇತ್ತೆಂದೂ ತೋರಿಸಿತು. ಒಂದೇ ಅಂಕ ಪಡೆದ ಕಪ್ಪುವರ್ಣೀಯರೂ ಬಿಳಿಯರೂ ಸರಿಸುಮಾರು ಒಂದೇ ಪ್ರಮಾಣದಲ್ಲಿ ಮತ್ತೆ ಅಪರಾಧ ಮಾಡಿದ್ದಾರೆ, ಆದ್ದರಿಂದ ತಾರತಮ್ಯವಿಲ್ಲ ಎಂದು ಆ ಸಾಧನವನ್ನು ತಯಾರಿಸಿದ ಕಂಪನಿ ವಾದಿಸಿತು. ಇಬ್ಬರ ಲೆಕ್ಕವೂ ಸರಿಯಾಗಿತ್ತು.

ತರಗತಿಯಲ್ಲಿ ಹೀಗೆ ಬಿಡಿಸಿ ತೋರಿಸಬಹುದು. ನೂರು ನೂರು ಜನರ ಎರಡು ಗುಂಪುಗಳಿರಲಿ. ಮೊದಲನೆಯದರಲ್ಲಿ 50 ಜನ, ಎರಡನೆಯದರಲ್ಲಿ 20 ಜನ ಮುಂದೆ ಮತ್ತೆ ಅಪರಾಧ ಮಾಡುವವರಿರಲಿ. ಯಂತ್ರ ಎರಡೂ ಗುಂಪುಗಳಲ್ಲಿ ಅಂಥವರ ಶೇ. 80 ಭಾಗವನ್ನು ಗುರುತಿಸುತ್ತದೆ, ಮತ್ತು ಅದು ‘ಅಪಾಯಕಾರಿ’ ಎಂದ ಮಾತು ಎರಡರಲ್ಲಿಯೂ ನೂರಕ್ಕೆ ಎಂಬತ್ತು ಬಾರಿ ನಿಜವಾಗುತ್ತದೆ ಎಂದುಕೊಳ್ಳಿ. ಮೊದಲ ಗುಂಪಿನಲ್ಲಿ ಹಣೆಪಟ್ಟಿ ಬಿದ್ದವರು 50, ಅವರಲ್ಲಿ ನಿರಪರಾಧಿಗಳು 10. ಗುಂಪಿನ ಒಟ್ಟು ನಿರಪರಾಧಿಗಳು 50 ಆದ್ದರಿಂದ ಐವರಲ್ಲಿ ಒಬ್ಬನ ಮೇಲೆ ತಪ್ಪು ಹಣೆಪಟ್ಟಿ. ಎರಡನೆಯ ಗುಂಪಿನಲ್ಲಿ ಹಣೆಪಟ್ಟಿ ಬಿದ್ದವರು 20, ನಿರಪರಾಧಿಗಳು 4. ಒಟ್ಟು ನಿರಪರಾಧಿಗಳು 80 ಆದ್ದರಿಂದ ಇಪ್ಪತ್ತರಲ್ಲಿ ಒಬ್ಬ. ಎರಡು ಅಳತೆಗಳಲ್ಲಿ ಸಮಾನತೆ ತಂದ ಕೂಡಲೇ ಮೂರನೆಯದರಲ್ಲಿ ನಾಲ್ಕು ಪಟ್ಟು ಅಂತರ. ಗುಂಪುಗಳ ಮೂಲ ಪ್ರಮಾಣ ಬೇರೆಬೇರೆಯಾಗಿದ್ದು ಯಂತ್ರ ಸರ್ವಜ್ಞನಲ್ಲದಿದ್ದರೆ ಈ ಮೂರೂ ಅಳತೆಗಳನ್ನು ಒಟ್ಟಿಗೆ ತೃಪ್ತಿಪಡಿಸಲು ಸಾಧ್ಯವಿಲ್ಲವೆಂದು ಆ ವರ್ಷಗಳಲ್ಲಿಯೇ ಸಾಧಿಸಿ ತೋರಿಸಲಾಯಿತು. ಅಲ್ಲದೆ ಆ ಮೂಲ ಪ್ರಮಾಣವೂ ಪ್ರಶ್ನಾತೀತವಲ್ಲ, ಏಕೆಂದರೆ ದಾಖಲೆಯಲ್ಲಿರುವುದು ಅಪರಾಧವಲ್ಲ, ಬಂಧನ. ಪೊಲೀಸರ ಗಸ್ತು ಹೆಚ್ಚಿರುವ ಕಡೆ ಬಂಧನಗಳೂ ಹೆಚ್ಚು.

ಹೀಗಾಗಿ ಸೂತ್ರ ಬರೆದರೂ ಯಾವ ಸೂತ್ರವೆಂದು ಯಾರೋ ಆರಿಸಲೇಬೇಕು, ಮತ್ತು ಆ ಆಯ್ಕೆಯೆಂದರೆ ತಪ್ಪಿನ ಭಾರವನ್ನು ಯಾರ ತಲೆಯ ಮೇಲೆ ಇಡುವುದೆಂಬ ನಿರ್ಧಾರ. ಅದು ಶಾಸನಸಭೆಯಲ್ಲಿ, ಎಲ್ಲರೂ ಕೇಳುವಂತೆ ಚರ್ಚೆಯಾಗಬೇಕಾದ ವಿಷಯ. ವಾಸ್ತವದಲ್ಲಿ ಅದನ್ನು ಕಂಪನಿಯೊಂದು ಒಳಕೋಣೆಯಲ್ಲಿ ತೀರ್ಮಾನಿಸಿ ವ್ಯಾಪಾರ ರಹಸ್ಯವೆಂದು ಬಚ್ಚಿಟ್ಟಿತು. 2016ರ ಲೂಮಿಸ್ ಪ್ರಕರಣದಲ್ಲಿ ವಿಸ್ಕಾನ್ಸಿನ್ ರಾಜ್ಯದ ಸುಪ್ರೀಂ ಕೋರ್ಟ್, ಆರೋಪಿಗೆ ಒಳಗಿನ ಲೆಕ್ಕಾಚಾರ ತಿಳಿಯದಿದ್ದರೂ, ಕೆಲವು ಎಚ್ಚರಿಕೆಯ ಮಾತುಗಳೊಂದಿಗೆ ಆ ಅಂಕವನ್ನು ನ್ಯಾಯಾಧೀಶರು ನೋಡಬಹುದೆಂದಿತು. ಈ ತೀರ್ಪನ್ನು ನಾನು ಒಪ್ಪಲಾರೆ. ಮನುಷ್ಯನ ಸ್ವಾತಂತ್ರ್ಯ ಪಣದಲ್ಲಿರುವಾಗ ರಹಸ್ಯವಾಗಿ ಉಳಿಯಬೇಕೆಂದು ಬಯಸುವ ಸಾಧನಕ್ಕೆ ನ್ಯಾಯಾಲಯದೊಳಗೆ ಸ್ಥಳವಿರಬಾರದು.

ಪ್ರಶ್ನೆ: ನನ್ನ ಸಾಲದ ಅರ್ಜಿ ತಿರಸ್ಕೃತವಾಯಿತು. ಕಾರಣ ಕೇಳಿದರೆ, ಸಾಲ ತೀರಿಸುವ ಸಾಮರ್ಥ್ಯಕ್ಕೆ ಯಂತ್ರ ಕೊಟ್ಟ ಅಂಕ ಕಡಿಮೆಯಿದೆ, ಆದರೆ ಅಂತಿಮ ನಿರ್ಧಾರ ನಮ್ಮ ಅಧಿಕಾರಿಯದೇ ಎಂದರು. ಮನುಷ್ಯನೊಬ್ಬ ಸಹಿ ಹಾಕಿದರೆ ಸಾಕೆ?

ಉತ್ತರ: ಸಾಲದು. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ದತ್ತಾಂಶ ಸಂರಕ್ಷಣಾ ನಿಯಮದ 22ನೆಯ ವಿಧಿ, ಗಂಭೀರ ಪರಿಣಾಮವುಳ್ಳ ನಿರ್ಧಾರಗಳು ಕೇವಲ ಯಂತ್ರದಿಂದ ಆಗದಂತೆ ಜನರಿಗೆ ರಕ್ಷಣೆ ಕೊಡುತ್ತದೆ. ಅಂಕ ಕೊಡುವ ಸಂಸ್ಥೆ ‘ನಾವು ಅಂಕ ಮಾತ್ರ ಕೊಡುತ್ತೇವೆ, ನಿರ್ಧಾರ ಬ್ಯಾಂಕಿನದು’ ಎಂದು ಇದರಿಂದ ನುಣುಚಿಕೊಳ್ಳುವಂತಿಲ್ಲ. ಬ್ಯಾಂಕು ಬಹುಮಟ್ಟಿಗೆ ಆ ಅಂಕವನ್ನೇ ನೆಚ್ಚಿಕೊಂಡಿದ್ದರೆ ಅಂಕವನ್ನು ಕೊಡುವುದೇ ಒಂದು ಸ್ವಯಂಚಾಲಿತ ನಿರ್ಧಾರವೆಂದು ಯುರೋಪಿನ ನ್ಯಾಯಾಲಯ ಜರ್ಮನಿಯ ಶೂಫಾ ಸಂಸ್ಥೆಯ ಪ್ರಕರಣದಲ್ಲಿ 2023ರ ಡಿಸೆಂಬರಿನಲ್ಲಿ ಹೇಳಿತು. ನಿಮ್ಮ ಮುಂದಿರುವ ಅಧಿಕಾರಿಗೆ ಯಂತ್ರದ ಮಾತನ್ನು ಮೀರುವ ಅಧಿಕಾರವಿದೆಯೇ, ಮೀರಿದರೆ ಅವರಿಗೆ ತೊಂದರೆಯಾಗುತ್ತದೆಯೇ, ನಿಮ್ಮ ಕಾಗದಪತ್ರ ಓದಲು ಅವರಿಗೆ ಸಮಯ ಕೊಟ್ಟಿದ್ದಾರೆಯೇ ಎಂಬ ಮೂರು ಪ್ರಶ್ನೆಗಳನ್ನು ಕೇಳಿ. ಮೂರಕ್ಕೂ ತೃಪ್ತಿಕರ ಉತ್ತರ ಬರದಿದ್ದರೆ ಆ ಸಹಿಗೆ ರಬ್ಬರ್ ಮೊಹರಿಗಿಂತ ಹೆಚ್ಚಿನ ಬೆಲೆಯಿಲ್ಲ. ತಿರಸ್ಕಾರದ ಕಾರಣವನ್ನು ಬರವಣಿಗೆಯಲ್ಲಿ ಕೇಳಿ, ಅಂಕಕ್ಕೆ ಬಳಸಿದ ಮಾಹಿತಿಯ ಪ್ರತಿಯನ್ನೂ ಕೇಳಿ; ಬೇರೊಬ್ಬರ ಬಾಕಿ ನಿಮ್ಮ ಹೆಸರಿಗೆ ಸೇರಿಕೊಂಡಿರುವ ಸಾಧ್ಯತೆಯನ್ನೂ ತಳ್ಳಿಹಾಕುವಂತಿಲ್ಲ.

ಪ್ರಶ್ನೆ: ನಾನು ತಂತ್ರಾಂಶ ಬರೆಯುವವನು. ಹೇಳಿದ್ದನ್ನು ಬರೆದುಕೊಡುವುದಷ್ಟೇ ನನ್ನ ಕೆಲಸ. ಅನ್ಯಾಯವಾದರೆ ನಾನು ಹೇಗೆ ಹೊಣೆ?

ಉತ್ತರ: ನಿಮ್ಮೊಬ್ಬರ ಮೇಲೆಯೇ ಹೊಣೆ ಹೊರಿಸಿದರೆ ಅದೂ ಅನ್ಯಾಯ, ನಿರ್ಧಾರ ಮಾಡಿದವರು ನಿಮಗಿಂತ ಮೇಲಿದ್ದಾರೆ. ಆದರೆ ಹೊರೈಜನ್ ಪ್ರಕರಣದಲ್ಲಿ ಕೊನೆಗೆ ಸತ್ಯ ಹೊರಬರಲು ನೆರವಾದದ್ದು, ದೋಷ ಕಂಡಾಗ ತಂತ್ರಜ್ಞರು ಬರೆದಿಟ್ಟ ಟಿಪ್ಪಣಿಗಳು. ನೀವು ದೋಷ ಕಂಡ ದಿನವೇ ಅದನ್ನು ದಿನಾಂಕ ಸಹಿತ ದಾಖಲಿಸಿ, ಯಾರು ಕೇಳಿದರೂ ಅಳಿಸಬೇಡಿ. ಬೇಡಿಕೆಯ ಪಟ್ಟಿ ಕೈಗೆ ಬಂದಾಗ, ಯಂತ್ರ ತಪ್ಪಿದರೆ ನೋಟಿಸು ಪಡೆದವರು ಯಾರನ್ನು ಕಾಣಬೇಕು, ಆ ವ್ಯಕ್ತಿ ಅದನ್ನು ಯಾವ ಪರದೆಯಲ್ಲಿ ತಿದ್ದಬೇಕು ಎಂದು ಸಭೆಯಲ್ಲಿ ಕೇಳಿ. ಅಂಥ ಪರದೆ ಯೋಜನೆಯಲ್ಲೇ ಇಲ್ಲದಿದ್ದರೆ, ಇಲ್ಲವೆಂಬುದನ್ನು ಸಭೆಯ ನಡಾವಳಿಯಲ್ಲಿ ಬರೆಸಿ.