ಅಮೆರಿಕದಲ್ಲಿ ಸರ್ಕಾರಿ ವಸತಿ ಕೇಂದ್ರ ಮುಚ್ಚುವುದನ್ನು ಗಾರ್ಡಿಯನ್ ಕೋರ್ಟಿನಲ್ಲಿ ತಡೆಯಬಹುದೇ?

ಬೌದ್ಧಿಕ ಅಂಗವೈಕಲ್ಯ ಇರುವ ನಿಮ್ಮ ಭಾವಮೈದುನ ಇರುವ ಕೇಂದ್ರವನ್ನು ರಾಜ್ಯ ಸರ್ಕಾರ ಮುಚ್ಚುತ್ತಿದೆ, ನಿಮ್ಮ ಹೆಂಡತಿ ಅವರ ಗಾರ್ಡಿಯನ್ (ಕಾನೂನುಬದ್ಧ ಪೋಷಕಿ), ಓಲ್ಮ್‌ಸ್ಟೆಡ್ ತೀರ್ಪು ಹಿಡಿದು ತಡೆಯಾಜ್ಞೆ ತರಬಹುದೇ ಎಂದು ಕೇಳಿದ್ದೀರಿ.

ಮುಚ್ಚುವುದನ್ನೇ ನಿಲ್ಲಿಸುವುದು ಬಹುಮಟ್ಟಿಗೆ ಆಗದ ಮಾತು. ಅವರನ್ನು ಎಲ್ಲಿಗೆ, ಯಾವಾಗ, ಏನೇನು ವ್ಯವಸ್ಥೆ ಮಾಡಿ ಕಳಿಸುತ್ತಾರೆ ಎಂಬುದರಲ್ಲಿ ನಿಮ್ಮ ಮಾತು ನಡೆಯುತ್ತದೆ. ವಕೀಲರ ಫೀಸು ಅಲ್ಲಿಗೆ ಹಾಕಿ.

1999ರ ಓಲ್ಮ್‌ಸ್ಟೆಡ್ ಪ್ರಕರಣ ಜಾರ್ಜಿಯಾದ ಇಬ್ಬರು ಮಹಿಳೆಯರು ಆಸ್ಪತ್ರೆಯಿಂದ ಹೊರಗೆ ಬರಲು ಹೂಡಿದ್ದು. ವೈದ್ಯಕೀಯ ತಂಡ ಒಪ್ಪಿದರೆ, ವ್ಯಕ್ತಿ ವಿರೋಧಿಸದಿದ್ದರೆ, ರಾಜ್ಯದ ಸಂಪನ್ಮೂಲಕ್ಕೆ ನಿಲುಕಿದರೆ ಹೊರಗೆ ಸೇವೆ ಕೊಡಬೇಕು ಎಂದಿತು ಸುಪ್ರೀಂ ಕೋರ್ಟ್. ಕುಟುಂಬದವರೆಲ್ಲ ಹಿಡಿದುಕೊಳ್ಳುವುದು ಆ ಎರಡನೆಯ ಷರತ್ತನ್ನು. ಆದರೆ ಒಲ್ಲದವರಿಗೆ ಹೊರಗಿನ ವಾಸ ಹೇರಬೇಕಿಲ್ಲ ಎಂದ ಮಾತ್ರಕ್ಕೆ ಇಂಥದೇ ಕಟ್ಟಡದಲ್ಲಿ ಉಳಿಯುವ ಹಕ್ಕು ಹುಟ್ಟುವುದಿಲ್ಲ. 1980ರ ಓಬ್ಯಾನನ್ ಪ್ರಕರಣದಲ್ಲೇ ಮೆಡಿಕೈಡ್ (ಬಡವರ, ಅಂಗವಿಕಲರ ಚಿಕಿತ್ಸೆ ಮತ್ತು ಆರೈಕೆಗೆ ಸರ್ಕಾರ ಹಣ ಕೊಡುವ ಯೋಜನೆ) ಫಲಾನುಭವಿಗೆ ನಿರ್ದಿಷ್ಟ ನರ್ಸಿಂಗ್ ಹೋಮ್‌ನಲ್ಲಿ ಉಳಿಯುವ ಹಕ್ಕಿಲ್ಲವೆಂದು ತೀರ್ಮಾನವಾಗಿದೆ. ಮೆಡಿಕೈಡ್ ನಿಯಮ ಕೊಡುವ ‘ಆಯ್ಕೆ’ಯೂ ಸೇವೆ ಸಂಸ್ಥೆಯೊಳಗೋ ಹೊರಗೆ ಸಮುದಾಯದಲ್ಲೋ ಎಂಬಷ್ಟಕ್ಕೆ ಸೀಮಿತ.

ಮ್ಯಾಸಚೂಸೆಟ್ಸ್‌ನ ಫರ್ನಾಲ್ಡ್ ಕೇಂದ್ರದ ಕಥೆ ನೋಡಿ. 2003ರಲ್ಲಿ ಮುಚ್ಚುವ ಘೋಷಣೆ ಬಂತು. ಫರ್ನಾಲ್ಡ್‌ನಲ್ಲೇ ಉಳಿಯುವ ಆಯ್ಕೆಯನ್ನೂ ನಿವಾಸಿಗಳಿಗೆ ಕೊಡಿ ಎಂದು 2007ರಲ್ಲಿ ನ್ಯಾಯಾಧೀಶ ಜೋಸೆಫ್ ಟಾರೊ ಆದೇಶಿಸಿದರು. 2008ರಲ್ಲಿ ಮೇಲ್ಮನವಿ ಕೋರ್ಟು ಅದನ್ನು ರದ್ದು ಮಾಡಿತು. ಆದರೂ ಕೊನೆಯ ನಿವಾಸಿ ಹೊರಟಿದ್ದು 2014ರಲ್ಲಿ. ಕಾರಣ, ಆ ರಾಜ್ಯದ ಕಾನೂನಿನಲ್ಲಿ ವರ್ಗಾವಣೆಗೆ 45 ದಿನದ ನೋಟಿಸ್ ಬೇಕು, ಹೊಸ ಜಾಗದಲ್ಲಿ ಸೇವೆ ಮತ್ತು ಬದುಕು ಸುಧಾರಿಸುವಂತಿರಬೇಕು, ಗಾರ್ಡಿಯನ್ ಆಕ್ಷೇಪಿಸಿದರೆ ವಿಚಾರಣೆ ನಡೆಯಬೇಕು. ಸಾಮೂಹಿಕ ದಾವೆ ಸೋತಿತು, ಒಬ್ಬೊಬ್ಬರ ಆಕ್ಷೇಪಣೆ ವರ್ಷಗಟ್ಟಲೆ ಎಳೆಯಿತು. ನಿಮ್ಮ ರಾಜ್ಯದಲ್ಲಿ ಇಂಥ ಸೆಕ್ಷನ್ ಇದೆಯೇ ಎಂಬುದನ್ನು ವಕೀಲರಿಗೆ ಮೊದಲು ಕೇಳಿ. ಮುಂದೆ ಮೆಡಿಕೈಡ್ ಸೇವೆ ಕಡಿತವಾಗುವ ನೋಟಿಸ್ ಬಂದರೆ (ಸಾಮಾನ್ಯವಾಗಿ 10 ದಿನ ಮುಂಚೆ ಬರುತ್ತದೆ), ಅದು ಜಾರಿಯಾಗುವ ಮೊದಲೇ ವಿಚಾರಣೆ ಕೇಳಿ. ತೀರ್ಮಾನವಾಗುವವರೆಗೆ ಹಳೆಯ ಸೇವೆ ಮುಂದುವರಿಯುತ್ತದೆ.

ಇನ್ನು ವರ್ಗಾವಣೆ ಯೋಜನೆ. ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ. ‘24 ಗಂಟೆ ಮೇಲ್ವಿಚಾರಣೆ’ ಎಂದು ಬರೆದಿದ್ದರೆ ಒಪ್ಪಬೇಡಿ. ರಾತ್ರಿ ಎಷ್ಟು ಜನ, ಎದ್ದಿರುತ್ತಾರೋ ಮಲಗಿರುತ್ತಾರೋ ಬರೆಸಿ. ನುಂಗಲು ತೊಂದರೆ ಇದ್ದರೆ ಅನ್ನ ಎಷ್ಟು ನುಣ್ಣಗಿರಬೇಕು, ನೀರು ಎಷ್ಟು ಗಟ್ಟಿ ಮಾಡಬೇಕು, ಉಣ್ಣುವಾಗ ಎಷ್ಟು ನೇರ ಕೂರಿಸಬೇಕು, ಊಟವಾದ ಮೇಲೆ ಎಷ್ಟು ಹೊತ್ತು ಮಲಗಿಸಬಾರದು, ಎಲ್ಲವೂ ಕಾಗದದಲ್ಲಿರಲಿ. ಹಳಬರು ಕೈಯಿಂದ ಉಣಿಸಿ ಕಲಿತದ್ದು ಫೈಲಿನಲ್ಲಿ ಇರುವುದಿಲ್ಲ, ಹೊಸಬರು ಎರಡು ಮೂರು ಊಟ ಅವರ ಪಕ್ಕ ಕೂತೇ ಕಲಿಯಬೇಕು. ಫಿಟ್ಸ್ ಬಂದರೆ ಎಷ್ಟು ನಿಮಿಷಕ್ಕೆ ಯಾವ ಔಷಧ, ಅದನ್ನು ಕೊಡಲು ಆ ಮನೆಯಲ್ಲಿ ಯಾರಿಗೆ ಅನುಮತಿ ಇದೆ ಎಂಬುದೂ ಬೇಕು. ಅಳತೆ ಮಾಡಿಸಿದ ವೀಲ್‌ಚೇರ್ ಮತ್ತು ಮೆಡಿಕೈಡ್ ಒಪ್ಪುವ ದಂತವೈದ್ಯರು ಸಿದ್ಧವಾಗುವವರೆಗೆ ಹೊರಡುವ ದಿನಾಂಕಕ್ಕೆ ಸಹಿ ಹಾಕಬೇಡಿ.

ಒಂದನ್ನು ಬಹಳ ಜನ ಮರೆಯುತ್ತಾರೆ: ಗ್ರೂಪ್ ಹೋಮ್ (ಕೆಲವರನ್ನು ಒಟ್ಟಿಗೆ ಇಟ್ಟು ನೋಡಿಕೊಳ್ಳುವ ಮನೆ) ನಡೆಸುವವರು ನಾಳೆ ‘ನಮ್ಮಿಂದ ಆಗದು’ ಎಂದು ನೋಟಿಸ್ ಕೊಡಬಹುದು. ಆಗ ನಿಮ್ಮ ಭಾವಮೈದುನನನ್ನು ಯಾರು, ಎಲ್ಲಿ ನೋಡಿಕೊಳ್ಳುತ್ತಾರೆ ಎಂದು ರಾಜ್ಯದ ಇಲಾಖೆಯಿಂದ ಈಗಲೇ ಬರೆಸಿಕೊಳ್ಳಿ. ಹಳೆಯ ಕೇಂದ್ರಕ್ಕೆ ಬೀಗ ಬಿದ್ದ ಮೇಲೆ ನಿಮ್ಮ ಕೈಯಲ್ಲಿ ಚೌಕಾಸಿಗೆ ಏನೂ ಉಳಿದಿರುವುದಿಲ್ಲ.